ಹಾಡಿ, ಪೋಡಿಂದ ಬಂದ ಪಿಎಚ್‌ಡಿ ಮಕ್ಕಳಿಗೆ ಗೈಡ್ ಆಗೋದು ಹೇಗೆ

ಹಾಡಿ, ಪೋಡು ಅಂದ್ರೆ ಬುಡಕಟ್ಟು ಜನ ವಾಸ ಮಾಡೋ ಸಣ್ಣ ಊರುಗಳು. ಜೇನು ಕುರುಬರು, ಸೋಲಿಗರು, ಕೊರಗರು, ಈ ಬುಡಕಟ್ಟು ಸಮುದಾಯಗಳಿಂದ ಪಿಎಚ್‌ಡಿವರೆಗೂ ಬರೋ ಮಕ್ಕಳು ಇವತ್ತಿಗೂ ತುಂಬಾ ಕಮ್ಮಿ. ಬಂದವರಲ್ಲಿ ಯಾರಾದ್ರೂ ಮಧ್ಯದಲ್ಲೇ ಬಿಟ್ಟು ಹೋದ್ರೆ "ಅವನ ಕೈಲಿ ಆಗ್ಲಿಲ್ಲ" ಅಂದು ಸುಮ್ಮನಾಗ್ತಾರೆ, ಆದ್ರೆ ಎಷ್ಟೋ ಸಲ ಎಡವಟ್ಟಾಗೋದು ಗೈಡ್ ಮಾಡೋ ರೀತಿಲೇ. ಮೊದಲ ಸಲ ಇಂಥ ಸ್ಟೂಡೆಂಟ್ ತಗೊಳ್ತಿರೋ ಮೇಷ್ಟ್ರು, ಮೇಡಂಗಳಿಗೆ ಅಂತ ಇದನ್ನ ಬರೀತಿದೀನಿ.

ಮೊದ್ಲು ದುಡ್ಡು. ಕೇಂದ್ರ ಬುಡಕಟ್ಟು ಸಚಿವಾಲಯದ ನ್ಯಾಷನಲ್ ಫೆಲೋಶಿಪ್ ಇಡೀ ದೇಶಕ್ಕೆ ಸೇರಿ ವರ್ಷಕ್ಕೆ 750 ಜನಕ್ಕೆ. ಅಪ್ಲೈ ಮಾಡ್ಸೋದು, ಯೂನಿವರ್ಸಿಟಿ ಕಡೆಯ ವೆರಿಫಿಕೇಶನ್ ಬೆನ್ನು ಹತ್ತೋದು ನಿಮ್ಮ ಕೆಲಸ ಅಂತಲೇ ಅಂದ್ಕೊಳ್ಳಿ. ಹಣ ನಾಲ್ಕು ತಿಂಗಳು ನಿಂತ್ರೆ ಆ ಹುಡುಗ ಕಾಫಿ ತೋಟದ ಕೂಲಿಗೆ ಹೋಗ್ಲೇಬೇಕಾಗುತ್ತೆ, ಮನೆಲಿ ಕೇಳಿ ಇಸ್ಕೊಳ್ಳೋಕೆ ಏನೂ ಇರಲ್ಲ.

ಟಾಪಿಕ್ ವಿಷಯದಲ್ಲಿ ಆತುರ ಬೇಡ. ನಿಮ್ಮ ಪ್ರಾಜೆಕ್ಟಿನ ಒಂದು ತುಂಡು ಕೊಟ್ಟು ಮುಗಿಸ್ಬೇಡಿ, ಅವರ ಮನೇಲಿ ದೊಡ್ಡೋರು ಕಾಡಿನ ಬಗ್ಗೆ ಏನಂತಾರೆ ಅಂತ ಕೇಳಿ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ಹಿಂದೆ ಬೇಸಿಗೆ ಶುರುವಲ್ಲೇ ತರಗು ಬೆಂಕಿ ಹಾಕ್ತಿದ್ರು, ಉದುರಿದ ಎಲೆ ಮಾತ್ರ ಸುಡೋ ಸಣ್ಣ ಬೆಂಕಿ. 1974ರಲ್ಲಿ ಅಭಯಾರಣ್ಯ ಆದ್ಮೇಲೆ ಅದು ನಿಂತೋಯ್ತು, ಅದಕ್ಕೇ ಲಂಟಾನ ಕಳೆ ಹಬ್ಬಿದ್ದು, ನೆಲ್ಲಿ ಮರಕ್ಕೆ ಉಪ್ಪಿಲು ಅನ್ನೋ ಬಂದಳಿಕೆ (ಮರದ ಮೇಲೇ ಬೆಳೆದು ಅದರ ಸಾರ ಹೀರೋ ಗಿಡ) ಜಾಸ್ತಿ ಆಗಿದ್ದು ಅಂತ ಅಲ್ಲಿನ ಹಿರಿಯರು ಹೇಳ್ತಾರೆ. ಇದು ಒಳ್ಳೆ ಹೈಪಾಥಿಸಿಸ್, ಅಂದ್ರೆ ಪರೀಕ್ಷೆ ಮಾಡಿ ನೋಡ್ಬಹುದಾದ ಊಹೆ, ಅಲ್ವಾ? ಕಾಡಲ್ಲಿ ಅಳತೆ ಮಾಡಿ ಪ್ಲಾಟ್ ಹಾಕಿ, ಅದರೊಳಗಿನ ಗಿಡ ಎಣಿಸಿ, ಹಳೇ ಅರಣ್ಯ ಇಲಾಖೆ ದಾಖಲೆ ತೆಗೆದು ನೋಡೋದು ಹೇಗೆ ಅಂತ ಕಲಿಸಿ. ಅಜ್ಜ ಹೇಳಿದ್ದನ್ನ ಹಾಗೇ ನಂಬೋದೂ ಬೇಡ, ಜಾನಪದ ಅಂತ ಪಕ್ಕಕ್ಕಿಡೋದೂ ಬೇಡ, ಪರೀಕ್ಷೆ ಮಾಡೋದನ್ನ ಕಲಿಸೋದೇ ತರಬೇತಿ.

ಭಾಷೆ ಇನ್ನೊಂದು ದೊಡ್ಡ ತಡೆ. ಮನೆ ಮಾತು ಬೇರೆ, ಸ್ಕೂಲ್ ಕನ್ನಡ ಬೇರೆ, ಕೋರ್ಸ್ ವರ್ಕಿಗೆ ಬಂದ್ರೆ ಓದೋ ಪೇಪರೆಲ್ಲ ಇಂಗ್ಲಿಷಲ್ಲಿ. ವಾರಕ್ಕೆ ಒಂದೇ ಪೇಪರ್ ಕೊಡಿ, ಎದುರು ಕೂರಿಸ್ಕೊಂಡು ಕನ್ನಡದಲ್ಲಿ ಹೇಳ್ಸಿ, ಅದನ್ನ ಮೊಬೈಲಲ್ಲಿ ರೆಕಾರ್ಡ್ ಮಾಡ್ಕೊಂಡು ಅವರೇ ಬರೀಲಿ, ಇಂಗ್ಲಿಷ್ ಆಮೇಲೆ. ಕೆಂಪು ಪೆನ್ನಲ್ಲಿ ಗ್ರಾಮರ್ ತಿದ್ದಿ ತಿದ್ದಿ ಕೊಟ್ರೆ ಮುಂದಿನ ಡ್ರಾಫ್ಟ್ ಬರೋದೇ ಇಲ್ಲ. ನಿಮ್ಮ ವಿಷಯದಲ್ಲಿ ಕನ್ನಡದಲ್ಲೇ ಪ್ರಬಂಧ ಬರೆಯೋ ಅವಕಾಶ ಇದ್ರೆ, ಹಂಪಿ ಕನ್ನಡ ವಿವಿಯಲ್ಲಿ ಬರೆಯೋ ಹಾಗೆ, ಹಿಂದೆ ಮುಂದೆ ನೋಡದೆ ಬರೆಸಿ.

ಟೈಗರ್ ರಿಸರ್ವ್ ಒಳಗೆ ಫೀಲ್ಡ್ ವರ್ಕ್ ಅಂದ್ರೆ ಅರಣ್ಯ ಇಲಾಖೆ ಪರ್ಮಿಶನ್ ಬೇಕೇ ಬೇಕು, ಹುಟ್ಟಿದ ಪೋಡಲ್ಲಿ ಕೆಲಸ ಮಾಡಿದ್ರೂ ಅಷ್ಟೇ. ಟಾಪಿಕ್ ಗಟ್ಟಿಯಾದ ದಿನವೇ ಅರ್ಜಿ ಹಾಕ್ಸಿ, ಯಾಕಂದ್ರೆ 2022ರ ಯುಜಿಸಿ ನಿಯಮದಲ್ಲಿ ಪಿಎಚ್‌ಡಿ ಮುಗಿಸೋಕೆ ಇರೋದು ಆರು ವರ್ಷ, ಹೆಣ್ಮಕ್ಕಳಿಗೆ ಇನ್ನೆರಡು ವರ್ಷ ಸಿಗಬಹುದು. ಪೋಡಿನ ಯಜಮಾನರ ಹತ್ರ ನೀವೂ ಒಂದ್ಸಲ ಹೋಗಿ ಕೂತು ಮಾತಾಡಿ, ಸೋಲಿಗರಿಗೆ 2011ರಲ್ಲೇ ಸಮುದಾಯ ಅರಣ್ಯ ಹಕ್ಕು ಸಿಕ್ಕಿದೆ, ಅವರನ್ನ ಕೇಳದೆ ಅಲ್ಲಿ ಕೆಲಸ ಶುರು ಮಾಡೋದು ಸರಿಯಲ್ಲ.

ಇನ್ನೊಂದು, ನಿಮ್ಮ ಬೇರೆ ಪ್ರಾಜೆಕ್ಟುಗಳಿಗೆ ಆ ಸ್ಟೂಡೆಂಟನ್ನ ದುಭಾಷಿ ಥರ ಎಳ್ಕೊಂಡು ಹೋಗ್ಬೇಡಿ. ಪೇಪರ್ ಬಂದಾಗ ಮೊದಲ ಹೆಸರು ಅವರದ್ದೇ ಇರ್ಲಿ, ಮಾಹಿತಿ ಕೊಟ್ಟ ಹಿರಿಯರ ಹೆಸರು ಹಾಕ್ಬಹುದಾ ಅಂತ ಕೇಳಿ, ಒಪ್ಪಿದ್ರೆ ಅದನ್ನೂ ಹಾಕಿ.