ದೊಡ್ಡ ಅಕ್ವೇರಿಯಂಗೆ ಮುಚ್ಚಳ: ಒಂದೇ ಕೈಯಲ್ಲಿ ತೆರೆಯುವಂತಿರಲಿ

ಬೆಳಿಗ್ಗೆ ಕಸ ಗುಡಿಸುವಾಗ ಟ್ಯಾಂಕಿನ ಸ್ಟ್ಯಾಂಡ್ ಹಿಂದೆ ಏನೋ ಕಂಡಿತು. ಒಣಗಿದ ಎಲೆ ಇರಬೇಕು ಅಂದುಕೊಂಡು ಬಗ್ಗಿ ನೋಡಿದರೆ ಮೀನು. ನಾಲ್ಕು ವರ್ಷದಿಂದ ಸಾಕಿದ್ದ ಲೋಚ್. ಮೈತುಂಬ ಧೂಳು ಮೆತ್ತಿಕೊಂಡು, ಬಿಲ್ಲಿನ ಹಾಗೆ ಬಾಗಿ, ಕಡ್ಡಿಯಂತೆ ಗಟ್ಟಿಯಾಗಿತ್ತು. ಮುಚ್ಚಳ ಇರಲಿಲ್ವಾ ಅಂತ ಕೇಳಬಹುದು. ಇತ್ತು. ಒಂದೇ ತುಂಡಿನ ಗಾಜು, ಎರಡು ಕೈ ಕೊಟ್ಟು ಎತ್ತಬೇಕಾದಷ್ಟು ಭಾರ. ದಿನಕ್ಕೆರಡು ಸಲ ಅದನ್ನು ಎತ್ತಿ ಇಳಿಸಿ ಸಾಕಾಗಿ, ಹಿಂದಿನ ರಾತ್ರಿ ಗೋಡೆಗೆ ಒರಗಿಸಿ ಮಲಗಿಬಿಟ್ಟಿದ್ದೆ.

ಆ ಲೋಚ್ ಹೋದ ಮೇಲೆ ಮುಚ್ಚಳವನ್ನು ನಾನು ನೋಡುವ ರೀತಿಯೇ ಬದಲಾಯಿತು. ಮೊದಲು ಅದು ಸುಲಭವಾಗಿ ತೆರೆಯಬೇಕು. ತೆರೆಯಲು ಕಷ್ಟವಾದರೆ ಅದು ಇವತ್ತಲ್ಲ ನಾಳೆ ಗೋಡೆಗೆ ಒರಗುತ್ತದೆ. ಆದ್ದರಿಂದ ಈ ಲೇಖನದಲ್ಲಿ ಹೇಳುವ ಮುಚ್ಚಳ ತುಂಡು ತುಂಡಾಗಿದೆ, ಹಗುರವಾಗಿದೆ, ಮುಂದಿನ ಭಾಗ ಒಂದೇ ಕೈಗೆ ಮೇಲಕ್ಕೆ ಮಡಚಿಕೊಳ್ಳುತ್ತದೆ.

ಯಾವುದರಲ್ಲಿ ಮಾಡುವುದು?

ಆರು ಅಡಿಯ ಟ್ಯಾಂಕ್ ತೆಗೆದುಕೊಳ್ಳೋಣ, 180 ಸೆಂ.ಮೀ. ಉದ್ದ, 60 ಸೆಂ.ಮೀ. ಅಗಲ. ಗಾಜು ಒಂದು ಚದರ ಮೀಟರಿಗೆ, ಒಂದು ಮಿ.ಮೀ. ದಪ್ಪಕ್ಕೆ ಎರಡೂವರೆ ಕಿಲೋ ತೂಗುತ್ತದೆ. 5 ಮಿ.ಮೀ. ಗಾಜು ಹಾಕಿದರೆ ಮುಚ್ಚಳವೇ 13 ಕಿಲೋ ದಾಟುತ್ತದೆ. ಗಾಜು ಚೆನ್ನಾಗಿ ಬೆಳಕು ಬಿಡುತ್ತದೆ, ಬಾಗುವುದಿಲ್ಲ, ಗಿಡ ಬೆಳೆಸುವವರಿಗೆ ಅದೇ ಸರಿ. ಆದರೆ ಕೈಜಾರಿದರೆ ಮುಚ್ಚಳದ ಜೊತೆ ಟ್ಯಾಂಕೂ ಹೋಗಬಹುದು.

ಅಕ್ರಿಲಿಕ್ ನೋಡಲು ಚೆಂದ. ಆದರೆ ಅದು ತೇವ ಹೀರುತ್ತದೆ. ಕೆಳಗಿನ ಮೈ ಸದಾ ಒದ್ದೆ, ಮೇಲಿನ ಮೈ ಒಣಗಿರುತ್ತದೆ, ಹಾಗಾಗಿ ಕೆಳಭಾಗ ಹಿಗ್ಗಿ ಮೂಲೆಗಳು ಮೇಲೆದ್ದು ನಿಲ್ಲುತ್ತವೆ. ಆಗಾಗ ತಿರುಗಿಸಿ ಹಾಕುತ್ತಿದ್ದರೆ ಸ್ವಲ್ಪ ಸರಿಹೋಗುತ್ತದೆ, ಅಷ್ಟೆ.

ನನ್ನ ಆಯ್ಕೆ ಎರಡು ಪದರದ ಪಾಲಿಕಾರ್ಬೊನೇಟ್ ಶೀಟ್, 6 ಮಿ.ಮೀ. ದಪ್ಪದ್ದು. ಗಿಡದ ಮನೆಗಳಿಗೆ, ಬಿಸಿಲು ಬೀಳುವ ಚಾವಣಿಗೆ ಹಾಕುತ್ತಾರಲ್ಲ, ಅದೇ. ಮೇಲೊಂದು ತೆಳು ಪದರ, ಕೆಳಗೊಂದು, ನಡುವೆ ಉದ್ದಕ್ಕೂ ಪುಟ್ಟ ಪುಟ್ಟ ಕೊಳವೆಗಳ ಸಾಲು. ಇಡೀ ಮುಚ್ಚಳ ಒಂದೂವರೆ ಕಿಲೋ ಕೂಡ ಆಗುವುದಿಲ್ಲ. ಬೆಳಕು ಸ್ವಲ್ಪ ಕಡಿಮೆಯಾಗುತ್ತದೆ ನಿಜ, ಆದರೆ ಬರೀ ಮೀನು ಇರುವ ಟ್ಯಾಂಕಿಗೆ ಅದು ದೊಡ್ಡ ವಿಷಯವಲ್ಲ. ಸಮುದ್ರದ ಮೀನು, ಹವಳ ಇಟ್ಟವರು ಮಾತ್ರ ಈ ಗಟ್ಟಿ ಮುಚ್ಚಳ ಬಿಟ್ಟು ಚೌಕಟ್ಟಿಗೆ ಬಲೆ ಬಿಗಿದು ಹಾಕುವುದು ಒಳ್ಳೆಯದು. ಅಲ್ಲಿ ಬೆಳಕೂ ಗಾಳಿಯೂ ಜಾಸ್ತಿ ಬೇಕು.

ಅಳತೆ: ಇಲ್ಲೇ ಎಲ್ಲರೂ ಎಡವುವುದು

ಮೊದಲ ಸಲ ನಾನು ಮುಂದಿನ ಅಂಚಿನಲ್ಲಿ ಒಮ್ಮೆ ಟೇಪು ಹಿಡಿದು ನೋಡಿ ಶೀಟ್ ಕತ್ತರಿಸಿದ್ದೆ. ಮುಂದೆ ಸರಿಯಾಗಿ ಕೂತಿತು, ಹಿಂದೆ ಕೂರಲಿಲ್ಲ. ಗಾಜಿನ ಟ್ಯಾಂಕು ಕೈಯಲ್ಲಿ ಅಂಟಿಸಿದ್ದು, ಮುಂದಕ್ಕೂ ಹಿಂದಕ್ಕೂ ಎರಡು ಮೂರು ಮಿ.ಮೀ. ವ್ಯತ್ಯಾಸ ಇದ್ದೇ ಇರುತ್ತದೆ. ದೊಡ್ಡ ಟ್ಯಾಂಕಿನಲ್ಲಿ ಮೇಲ್ಭಾಗಕ್ಕೆ ಅಡ್ಡಪಟ್ಟಿಗಳೂ ಇರುತ್ತವೆ, ಅವು ಜಾಗವನ್ನು ಎರಡೋ ಮೂರೋ ಖಾನೆಗಳಾಗಿ ಒಡೆಯುತ್ತವೆ. ಪ್ರತಿ ಖಾನೆಯನ್ನೂ ಬೇರೆ ಬೇರೆಯಾಗಿ ಅಳೆಯಿರಿ. ಉದ್ದವನ್ನು ಮೂರು ಕಡೆ, ಅಗಲವನ್ನು ಮೂರು ಕಡೆ. ಎಲ್ಲಕ್ಕಿಂತ ಕಡಿಮೆ ಬಂದ ಅಂಕಿ ಹಿಡಿದು, ಅದರಲ್ಲಿ ಇನ್ನೂ 3 ಮಿ.ಮೀ. ಕಳೆಯಿರಿ.

ಆಮೇಲೂ ಶೀಟ್ ಮುಟ್ಟಬೇಡಿ. ಅದೇ ಅಳತೆಗೆ ರಟ್ಟು ಕತ್ತರಿಸಿ ಟ್ಯಾಂಕಿನ ಮೇಲೆ ಇಟ್ಟು ನೋಡಿ. ಮೂಲೆಗಳಲ್ಲಿ ಸಿಲಿಕಾನ್ ಉಬ್ಬಿರುತ್ತದೆ, ಅಲ್ಲಿ ರಟ್ಟು ತಡೆಯುತ್ತದೆ. ತಡೆದ ಕಡೆ ಮೂಲೆಯನ್ನು ಕತ್ತರಿಯಿಂದ ಸ್ವಲ್ಪ ಸ್ವಲ್ಪವೇ ಓರೆಯಾಗಿ ಕತ್ತರಿಸುತ್ತಾ ಬನ್ನಿ. ರಟ್ಟು ಸಲೀಸಾಗಿ ಕೂತ ಮೇಲೆ ಅದರ ಮೇಲೆ "ಮುಂದೆ", "ಎಡ", "ನಡು" ಅಂತ ಬರೆದಿಡಿ.

ಮುಚ್ಚಳ ಎಲ್ಲಿ ಕೂರುತ್ತದೆ ಅನ್ನುವುದೂ ಮುಖ್ಯ. ಟ್ಯಾಂಕಿನ ಗೋಡೆಯ ಮೇಲಂಚಿಗೆ ಹೊರಚಾಚಿ ಕೂತರೆ, ಮುಚ್ಚಳದ ಅಡಿಯಲ್ಲಿ ಕಟ್ಟಿದ ನೀರಿನ ಹನಿಗಳು ಅಂಚಿಗೆ ಹರಿದು ಗಾಜಿನ ಹೊರಮೈ ಮೇಲೆ ಇಳಿಯುತ್ತವೆ. ಸ್ಟ್ಯಾಂಡಿನ ಮರ ಉಬ್ಬುವುದು ಹೀಗೇ. ಮುಚ್ಚಳ ಗೋಡೆಗಳ ಒಳಗೆ, ಅಡ್ಡಪಟ್ಟಿಯ ಮೇಲೋ ಒಳಅಂಚಿಗೆ ಅಂಟಿಸಿದ ಗಾಜಿನ ಪಟ್ಟಿಯ ಮೇಲೋ ಕೂರಬೇಕು. ಆಗ ಹನಿ ನೀರಿಗೇ ಬೀಳುತ್ತದೆ.

ಕತ್ತರಿಸುವುದು, ಮಡಿಸುವುದು

ಶೀಟಿನ ಒಂದು ಮೈಗೆ ಬರಹ ಇರುವ ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಬಿಸಿಲು ತಡೆಯುವ ಲೇಪ ಇರುವ ಮೈ ಅದು, ಅದು ಮೇಲಿರಬೇಕು. ಕೆಲಸ ಮುಗಿಯುವವರೆಗೂ ಆ ಹಾಳೆ ಕೀಳಬೇಡಿ, ಗೀರು ಬೀಳುವುದಿಲ್ಲ. ಒಳಗಿನ ಕೊಳವೆಗಳು ಎಡದಿಂದ ಬಲಕ್ಕೆ ಹೋಗುವಂತೆ ರಟ್ಟನ್ನು ಶೀಟಿನ ಮೇಲಿಟ್ಟು ಗುರುತು ಹಾಕಿ. ಈ ದಿಕ್ಕು ತಪ್ಪಬಾರದು, ಏಕೆ ಅಂತ ಈಗಲೇ ಹೇಳುತ್ತೇನೆ. ಸ್ಟೀಲ್ ಸ್ಕೇಲ್ ಒತ್ತಿಹಿಡಿದು ಹರಿತವಾದ ಕಟರಿನಿಂದ ಎರಡು ಮೂರು ಸಲ ಎಳೆದರೆ ಸಾಕು. ಕತ್ತರಿಸಿದ ಮೇಲೆ ಕೊಳವೆಯೊಳಗೆ ಸಿಕ್ಕಿಕೊಂಡ ಪುಡಿಯನ್ನು ತಟ್ಟಿ ಉದುರಿಸಿ, ಇಲ್ಲವಾದರೆ ಅದು ನೀರಿಗೆ ಬಿದ್ದು ಮೀನಿನ ಬಾಯಿಗೆ ಹೋಗುತ್ತದೆ. ತೆರೆದ ತುದಿಗಳಿಗೆ ಯು ಆಕಾರದ ಪ್ಲಾಸ್ಟಿಕ್ ಪಟ್ಟಿ ತೊಡಿಸಿ. ಹಾಗೇ ಬಿಟ್ಟರೆ ಒಳಗೆ ನೀರು ಸೇರಿ ಪಾಚಿ ಬೆಳೆಯುತ್ತದೆ, ಅದನ್ನು ತೊಳೆಯಲು ಯಾವ ಬ್ರಷ್ಷೂ ಹೋಗುವುದಿಲ್ಲ. ಪಟ್ಟಿಯ ದಪ್ಪವನ್ನು ಅಳತೆಯಲ್ಲಿ ಮೊದಲೇ ಕಳೆದಿಟ್ಟಿರಿ.

ಈಗ ನನಗೆ ತುಂಬಾ ಇಷ್ಟವಾದ ಭಾಗ. ಇದಕ್ಕೆ ಬೇರೆ ಬಿಜಾಗರಿ ಬೇಡ. ತುಂಡನ್ನು ಬೋರಲು ಹಾಕಿ. ಹಿಂದಿನ ಅಂಚಿನಿಂದ 20 ಸೆಂ.ಮೀ. ಬಿಟ್ಟು, ಕೊಳವೆಯ ಉದ್ದಕ್ಕೇ, ಎರಡು ಒಳಗೋಡೆಗಳ ನಡುವೆ ಕಟರ್ ಇಟ್ಟು ಕೆಳಪದರ ಮಾತ್ರ ಸೀಳಿ. ಮೇಲಿನ ಪದರಕ್ಕೆ ಕಟರ್ ತಾಗಬಾರದು, ಅದಕ್ಕೇ ಬ್ಲೇಡನ್ನು ಸ್ವಲ್ಪವೇ ಹೊರಗೆ ಎಳೆದುಕೊಂಡು ನಿಧಾನವಾಗಿ ಎಳೆಯಿರಿ. ಸೀಳು ಪೂರ್ತಿಯಾದಾಗ ಕೈಗೇ ಗೊತ್ತಾಗುತ್ತದೆ, ಬಿಗಿಯಾಗಿದ್ದ ಶೀಟ್ ಆ ಗೆರೆಯಲ್ಲಿ ಮೆತ್ತಗಾಗುತ್ತದೆ. ಅಂಗಾತ ತಿರುಗಿಸಿ ಮುಂದಿನ ಭಾಗ ಎತ್ತಿ ನೋಡಿ, ಪುಸ್ತಕದ ರಟ್ಟಿನ ಹಾಗೆ ಹಿಂದಕ್ಕೆ ಮಡಚಿಕೊಳ್ಳುತ್ತದೆ. ಉಳಿದ ಮೇಲ್ಪದರವೇ ಬಿಜಾಗರಿ. ಕೊಳವೆಗಳು ಮುಂದಿನಿಂದ ಹಿಂದಕ್ಕೆ ಇದ್ದರೆ ಈ ಮಡಿಕೆ ಮಾಡಲು ಆಗುವುದಿಲ್ಲ, ದಿಕ್ಕಿನ ಬಗ್ಗೆ ಹೇಳಿದ್ದು ಅದಕ್ಕೆ.

ಮುಂದಿನ ಅಂಚಿಗೆ ಒಂದು ಹಿಡಿ ಬೇಕು. ನೈಲಾನ್ ಬೋಲ್ಟ್, ಮೇಲೊಂದು ಕೆಳಗೊಂದು ಅಗಲವಾದ ಪ್ಲಾಸ್ಟಿಕ್ ವಾಷರ್. ಕಬ್ಬಿಣದ ಸ್ಕ್ರೂ ಹಾಕಬೇಡಿ, ತುಕ್ಕು ನೇರ ನೀರಿಗೆ ಇಳಿಯುತ್ತದೆ. ದೀಪವನ್ನು ಹಿಂದಿನ 20 ಸೆಂ.ಮೀ. ಪಟ್ಟಿಯ ಮೇಲೆ ಇಡಬೇಡಿ, ಮಡಚಿದ ಭಾಗಕ್ಕೆ ಜಾಗ ಸಿಗುವುದಿಲ್ಲ. ಮೇಲಿನಿಂದ ತೂಗುಹಾಕಿ, ಇಲ್ಲವೇ ಕಾಲಿರುವ ದೀಪವನ್ನು ಎತ್ತರದಲ್ಲಿ ನಿಲ್ಲಿಸಿ.

ಹಿಂದಿನ ಸಂದುಗಳು

ನನ್ನ ಲೋಚ್ ತೆರೆದ ಟ್ಯಾಂಕಿನಿಂದ ಹೋಯಿತು, ಆದರೆ ಲೋಚ್, ಹಾವುಮೀನಿನಂಥವು ಫಿಲ್ಟರ್ ಪೈಪಿನ ಪಕ್ಕದ ಸಂದಿಯಲ್ಲೂ ನುಸುಳುತ್ತವೆ. ತಲೆ ಹಿಡಿಸಿದರೆ ಮೈ ತಾನೇ ಹಿಂದೆ ಬರುತ್ತದೆ. ಪೈಪ್, ಹೀಟರ್ ವೈರ್ ಬರುವ ಕಡೆ ತೂತು ಕೊರೆಯುವ ಬದಲು ಹಿಂದಿನ ಅಂಚಿನಿಂದ ಒಳಕ್ಕೆ ಕಚ್ಚು ಕತ್ತರಿಸಿ, ಆಗ ಪೈಪ್ ಬಿಚ್ಚದೆಯೇ ಮುಚ್ಚಳ ಎತ್ತಬಹುದು. ಉಳಿದ ಸಂದಿಗೆ ಒರಟು ಫಿಲ್ಟರ್ ಸ್ಪಾಂಜ್ ತುರುಕಿ. ಗಾಳಿ ಆಡುತ್ತದೆ, ಮೀನು ಆಚೆ ಬರುವುದಿಲ್ಲ. ಪೂರ್ತಿ ಬಿಗಿದು ಮುಚ್ಚುವ ಹಾಗಿಲ್ಲ, ನೀರಿಗೆ ಆಮ್ಲಜನಕ ಸೇರುವುದು ಮೇಲ್ಮೈಯಿಂದಲೇ ಅಲ್ವಾ. ನೀರಿಗೂ ಮುಚ್ಚಳಕ್ಕೂ ನಡುವೆ ಕೆಲವು ಸೆಂ.ಮೀ. ಗಾಳಿ ಇರಲಿ. ಬೆಟ್ಟಾ, ಗೌರಾಮಿ ಸಾಕುವವರಿಗಂತೂ ಇದು ಬೇಕೇ ಬೇಕು, ಅವು ಮೇಲೆ ಬಂದು ಗಾಳಿ ಗುಟುಕರಿಸುವ ಮೀನುಗಳು. ವೈರುಗಳು ಪ್ಲಗ್ಗಿಗೆ ಹೋಗುವ ಮುಂಚೆ ಪ್ಲಗ್ಗಿಗಿಂತ ಕೆಳಗೆ ಒಮ್ಮೆ ಜೋತುಬಿದ್ದು ಮೇಲೇರಲಿ, ವೈರಿನಗುಂಟ ಇಳಿದ ನೀರು ಅಲ್ಲೇ ತೊಟ್ಟಿಕ್ಕುತ್ತದೆ.

ಅರೊವಾನಾದಂಥ ದೊಡ್ಡ ನೆಗೆತದ ಮೀನು ಇದ್ದರೆ ಈ ಹಗುರ ಮುಚ್ಚಳ ಹಾಗೇ ಸಾಲದು. ಪ್ರತಿ ಖಾನೆಗೂ ಎರಡು ಕಡೆ ತಿರುಗುವ ಪ್ಲಾಸ್ಟಿಕ್ ಕೊಂಡಿ ಹಾಕಿ. ಕೆಲವರು ಮೇಲೆ ಕಲ್ಲು ಇಡುತ್ತಾರೆ, ದಯವಿಟ್ಟು ಬೇಡ. ಹೊಸ ಮೀನು ಬಿಟ್ಟ ಮೊದಲ ಕೆಲವು ರಾತ್ರಿಗಳು, ದೀಪ ಥಟ್ಟನೆ ಆರಿದ ಹೊತ್ತು, ಇವೇ ಜಾಸ್ತಿ ಅಪಾಯದ ಸಮಯ. ಆಗ ಕೊಂಡಿ ಬಿದ್ದಿದೆಯಾ ಅಂತ ಇನ್ನೊಮ್ಮೆ ನೋಡಿ.

ಮುಚ್ಚಳ ಹಾಕಿದ ಮೇಲೆ ನೀರು ಆವಿಯಾಗುವುದು ಕಡಿಮೆಯಾಗುತ್ತದೆ, ಜೊತೆಗೆ ತಣಿಯುವುದೂ ಕಡಿಮೆ. ಮೊದಲ ವಾರ ಥರ್ಮಾಮೀಟರ್ ಮೇಲೆ ಕಣ್ಣಿಡಿ. ಸೆಕೆ ಜಾಸ್ತಿಯಾದರೆ ಹಿಂದಿನ ಸ್ಪಾಂಜ್ ತೆಗೆದು ಆ ಜಾಗಕ್ಕೆ ಬಲೆಯ ತುಂಡು ಹಾಕಬಹುದು. ತಿಂಗಳಿಗೊಮ್ಮೆ ಅಡಿಭಾಗದ ಬಿಳಿ ಕಲೆಯನ್ನು ವಿನೆಗರ್ ಅದ್ದಿದ ಬಟ್ಟೆಯಲ್ಲಿ ಒರೆಸಿ, ನೀರಲ್ಲಿ ಚೆನ್ನಾಗಿ ತೊಳೆಯಿರಿ. ಸೋಪು ಬೇಡ. ಥಿನ್ನರ್, ಅಸಿಟೋನ್ ಅಂತೂ ಪಾಲಿಕಾರ್ಬೊನೇಟನ್ನೇ ಬಿರುಕು ಬಿಡಿಸುತ್ತವೆ. ಅಳತೆಯ ರಟ್ಟುಗಳನ್ನು ಎಸೆಯದೆ ಸ್ಟ್ಯಾಂಡ್ ಒಳಗೆ ಒಣ ಜಾಗದಲ್ಲಿಡಿ. ಕೆಲವು ವರ್ಷಗಳ ಮೇಲೆ ಮಡಿಕೆ ಸವೆದಾಗ ಹೊಸ ತುಂಡು ಕತ್ತರಿಸಲು ಮತ್ತೆ ಟೇಪು ಹಿಡಿಯಬೇಕಾಗಿಲ್ಲ.