ಇಂಗ್ಲೆಂಡಿನಲ್ಲಿ ಮಕ್ಕಳಿಗೆ ಮನೆಯಲ್ಲೇ ಓದಿಸಬೇಕೆಂದಿದ್ದೀರಾ? ಮೊದಲು ಪರೀಕ್ಷಾ ಕೇಂದ್ರ ಹುಡುಕಿ

ಕಳೆದ ಒಂದು ವರ್ಷದಲ್ಲಿ ಮೂರು ಜೋಡಿಗಳು ನನ್ನನ್ನು ಒಂದೇ ಪ್ರಶ್ನೆ ಕೇಳಿದರು. "ಅಕ್ಕಾ, ಮುಂದೆ ಮಕ್ಕಳಾದರೆ ಶಾಲೆಗೆ ಹಾಕದೆ ಮನೇಲೇ ಓದಿಸೋಣ ಅಂದ್ಕೊಂಡಿದೀವಿ. ನೀವು ಮಾಡಿದೀರಲ್ಲ, ಹೇಗಿತ್ತು?" ಯಾರಿಗೂ ಇನ್ನೂ ಮಕ್ಕಳಾಗಿಲ್ಲ. ಇಷ್ಟು ಮೊದಲೇ ಯೋಚಿಸುತ್ತಿದ್ದಾರಲ್ಲ ಎಂದು ನನಗೆ ನಿಜಕ್ಕೂ ಸಂತೋಷವಾಯಿತು. ಆದರೆ ಮೂವರೂ ಕೇಳಿದ್ದು ಪಠ್ಯಕ್ರಮ, ವೇಳಾಪಟ್ಟಿ, ಮಗುವಿಗೆ ಗೆಳೆಯರು ಸಿಗುತ್ತಾರಾ ಎಂಬುದನ್ನು. ಪರೀಕ್ಷೆಯ ವಿಷಯ ಒಬ್ಬರೂ ಎತ್ತಲಿಲ್ಲ. ನಾನೂ ಎತ್ತಿರಲಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ.

ಕಾನೂನಿನ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. 1996ರ ಶಿಕ್ಷಣ ಕಾಯ್ದೆಯ 7ನೇ ಸೆಕ್ಷನ್ ಪ್ರಕಾರ ಮಗುವಿನ ವಯಸ್ಸು, ಸಾಮರ್ಥ್ಯ, ಒಲವಿಗೆ ತಕ್ಕ ಪೂರ್ಣಾವಧಿ ಶಿಕ್ಷಣ ಕೊಡಿಸುವುದು ತಂದೆ ತಾಯಿಯ ಹೊಣೆ. ಶಾಲೆಗೆ ಕಳಿಸಿ ಕೊಡಿಸಿದರೂ ಸರಿ, ಬೇರೆ ರೀತಿಯಲ್ಲಿ ಕೊಡಿಸಿದರೂ ಸರಿ. ಆ 'ಬೇರೆ ರೀತಿ'ಯೇ ನಮಗೆ ಬಾಗಿಲು. ನಿಮಗೆ ಬಿ.ಎಡ್. ಬೇಕಿಲ್ಲ, ರಾಷ್ಟ್ರೀಯ ಪಠ್ಯಕ್ರಮ ಹಿಡಿಯಬೇಕಿಲ್ಲ. ಜರ್ಮನಿಯಲ್ಲಿರುವ ನಮ್ಮವರಿಗೆ ಈ ಭಾಗ್ಯವಿಲ್ಲ. ಅಲ್ಲಿ ಮನೆಯಲ್ಲೇ ಓದಿಸುತ್ತಿದ್ದ ಒಂದು ಕುಟುಂಬದ ನಾಲ್ಕು ಮಕ್ಕಳನ್ನು 2013ರಲ್ಲಿ ಅಧಿಕಾರಿಗಳು ಮೂರು ವಾರ ತಮ್ಮ ವಶದಲ್ಲಿಟ್ಟುಕೊಂಡಿದ್ದರು; ಅದು ತಪ್ಪಲ್ಲವೆಂದು ಯುರೋಪಿನ ಮಾನವ ಹಕ್ಕುಗಳ ನ್ಯಾಯಾಲಯ 2019ರಲ್ಲಿ ಹೇಳಿತು. ಅದಕ್ಕೆ ಹೋಲಿಸಿದರೆ ಇಂಗ್ಲೆಂಡ್ ಎಷ್ಟೋ ಉದಾರಿ.

ಆದರೆ ಸ್ವಾತಂತ್ರ್ಯ ಕೊಟ್ಟ ಸರ್ಕಾರ ಅದರ ಜೊತೆ ದುಡ್ಡು ಕೊಡುವುದಿಲ್ಲ. ನಾನು ಎಡವಿದ್ದು ಇಲ್ಲೇ.

ನಮ್ಮ ತಲೆಯಲ್ಲಿ ಎಸ್ಸೆಸ್ಸೆಲ್ಸಿ ಕೂತಿರುತ್ತದೆ. ಶಾಲೆಗೆ ಹೋಗದವರು ಖಾಸಗಿ ಅಭ್ಯರ್ಥಿಯಾಗಿ ಅರ್ಜಿ ಹಾಕುತ್ತಾರೆ, ಹಾಲ್ ಟಿಕೆಟ್ ಬರುತ್ತದೆ, ಹೋಗಿ ಬರೆಯುತ್ತಾರೆ. ಇಲ್ಲಿ ಮಕ್ಕಳು 16ರ ಹೊತ್ತಿಗೆ ಬರೆಯುವ ಜಿಸಿಎಸ್‌ಇ ಪರೀಕ್ಷೆಯೂ ಹಾಗೇ ಇರಬಹುದೆಂದು ನಾನು ನಂಬಿದ್ದೆ. ಹಾಗಿಲ್ಲ. ಇಲ್ಲಿ ಪರೀಕ್ಷೆ ನಡೆಸುವುದು ಎಕ್ಯುಎ, ಪಿಯರ್ಸನ್ ಎಡೆಕ್ಸೆಲ್, ಓಸಿಆರ್‌ನಂಥ ಮಂಡಳಿಗಳು. ಅವುಗಳಿಗೆ ನೀವು ನೇರವಾಗಿ ಅರ್ಜಿ ಹಾಕುವಂತಿಲ್ಲ. ಮಾನ್ಯತೆ ಪಡೆದ ಒಂದು ಕೇಂದ್ರ, ಹೆಚ್ಚಾಗಿ ಯಾವುದೋ ಶಾಲೆ, ನಿಮ್ಮ ಮಗುವಿನ ಹೆಸರನ್ನು ನೋಂದಾಯಿಸಬೇಕು. ಹೊರಗಿನ ಮಕ್ಕಳನ್ನು ಸೇರಿಸಿಕೊಳ್ಳಲೇಬೇಕೆಂಬ ಕಟ್ಟುಪಾಡು ಆ ಶಾಲೆಗಿಲ್ಲ.

ಮಗಳಿಗೆ 15 ನಡೆಯುತ್ತಿತ್ತು. ಬೇಸಿಗೆಯ ಪರೀಕ್ಷೆಗೆ ಹೆಸರು ಕೊಡಲು ಫೆಬ್ರವರಿ ಕೊನೆಯ ಗಡುವೆಂದು ತಿಳಿದು ಜನವರಿಯ ಕೊನೆ ವಾರ ಫೋನ್ ಹಿಡಿದು ಕೂತೆ. ಹನ್ನೊಂದು ಶಾಲೆಗಳು. ಎಲ್ಲರೂ ಮರ್ಯಾದೆಯಿಂದಲೇ ಮಾತಾಡಿದರು, ಎಲ್ಲರೂ ಇಲ್ಲವೆಂದರು. ಕೊನೆಗೆ ಒಪ್ಪಿದ್ದು ರೈಲಿನಲ್ಲಿ ಎರಡು ಗಂಟೆ ದೂರದ ಒಂದು ಖಾಸಗಿ ಕೇಂದ್ರ. ಏಳು ವಿಷಯಗಳ ಶುಲ್ಕ, ತಡವಾಗಿದ್ದಕ್ಕೆ ಹೆಚ್ಚುವರಿ, ರೈಲು, ಬೆಳಗಿನ ಪರೀಕ್ಷೆಗಳ ಹಿಂದಿನ ರಾತ್ರಿ ತಂಗಲು ಕೋಣೆ, ಎಲ್ಲ ಸೇರಿ 1,900 ಪೌಂಡ್ ದಾಟಿತು. ಶಾಲೆಯಲ್ಲಿದ್ದಿದ್ದರೆ ಪರೀಕ್ಷಾ ಶುಲ್ಕವೆಂದು ನಾವು ಕೈಯಿಂದ ಏನೂ ಕೊಡಬೇಕಿರಲಿಲ್ಲ.

ದುಡ್ಡು ಹೋಗಲಿ. ಅವಳಿಗೆ ಚಿತ್ರಕಲೆಯೆಂದರೆ ಪ್ರಾಣ. ಎರಡು ವರ್ಷ ಕೂತು ಒಂದು ದೊಡ್ಡ ಕಡತ ತುಂಬ ಚಿತ್ರ ಬಿಡಿಸಿಟ್ಟಿದ್ದಳು. ಜಿಸಿಎಸ್‌ಇ ಚಿತ್ರಕಲೆಯಲ್ಲಿ 60 ಶೇಕಡಾ ಅಂಕ ಈ ಕಡತಕ್ಕೇ. ಆದರೆ ಅದು ಅವಳದೇ ಕೈಕೆಲಸ ಎಂದು ಕೇಂದ್ರದ ಶಿಕ್ಷಕರು ಸಹಿ ಹಾಕಬೇಕು. ತಮ್ಮ ಕಣ್ಣೆದುರು ಮಾಡದ ಕೆಲಸಕ್ಕೆ ಯಾರು ಹಾಕುತ್ತಾರೆ? ಒಬ್ಬರೂ ಹಾಕಲಿಲ್ಲ. ಆ ವಿಷಯವನ್ನೇ ಕೈಬಿಟ್ಟಳು. ಆ ಸಂಜೆ ಕಡತ ಕಟ್ಟಿ ಬೀರುವಿನ ಮೇಲಿಟ್ಟ ಅವಳ ಮುಖ ನೆನೆದರೆ ಈಗಲೂ ಹೊಟ್ಟೆಯಲ್ಲಿ ಸಂಕಟವಾಗುತ್ತದೆ. ತಪ್ಪು ಅವಳದಲ್ಲ, ವಿಚಾರಿಸದೆ ಓದಿಸಿದ ನನ್ನದು.

"ನವೆಂಬರಿನಲ್ಲಿ ಬರೆದರಾಯಿತು" ಎನ್ನುವವರಿದ್ದಾರೆ. ನವೆಂಬರಿನ ಜಿಸಿಎಸ್‌ಇ ಇರುವುದು ಇಂಗ್ಲಿಷ್ ಭಾಷೆ ಮತ್ತು ಗಣಿತಕ್ಕೆ ಮಾತ್ರ, ಅದೂ ಆ ವರ್ಷದ ಆಗಸ್ಟ್ 31ಕ್ಕೆ 16 ತುಂಬಿದವರಿಗೆ. ಮನೆಯಲ್ಲಿ ಓದುವ ಮಕ್ಕಳು ಹೆಚ್ಚಾಗಿ ಜಿಸಿಎಸ್‌ಇಯ ಅಂತರರಾಷ್ಟ್ರೀಯ ರೂಪವಾದ ಐಜಿಸಿಎಸ್‌ಇ ಹಿಡಿಯುವುದು ಇದಕ್ಕೇ: ಬಹುತೇಕ ವಿಷಯಗಳು ಲಿಖಿತ ಪರೀಕ್ಷೆಯಲ್ಲೇ ಮುಗಿಯುತ್ತವೆ. ಯಾವ ಮಂಡಳಿ, ಯಾವ ಪಠ್ಯ ಎಂಬುದನ್ನು ಕೇಂದ್ರ ನೋಡಿ ನಿರ್ಧರಿಸಿ. ಪಠ್ಯ ಓದಿಸಿ ಆಮೇಲೆ ಕೇಂದ್ರ ಹುಡುಕಬೇಡಿ.

ಈ ಒಂದು ವಿಷಯದಲ್ಲಿ ನಮ್ಮ ದೇಶದ ಏರ್ಪಾಡೇ ಮೇಲು ಎಂದು ನಾನು ಯಾರೆದುರಾದರೂ ವಾದಿಸುತ್ತೇನೆ. ಶಾಲೆಯ ಹೊರಗಿನ ಮಕ್ಕಳಿಗಾಗಿಯೇ 1989ರಿಂದ ರಾಷ್ಟ್ರೀಯ ಮುಕ್ತ ಶಾಲೆ ಇದೆ. ಇಂದಿನ ಎನ್‌ಐಓಎಸ್ ಅದೇ. ನೋಂದಣಿಯೂ ಅಲ್ಲೇ, ಪರೀಕ್ಷೆಯೂ ಅಲ್ಲೇ. ಇಷ್ಟು ಶ್ರೀಮಂತ ದೇಶ ಅಂಥದ್ದೊಂದನ್ನು ಮಾಡದೆ ಮನೆಯವರನ್ನು ಅಲೆದಾಡಿಸುವುದು ಸರಿಯಲ್ಲ.

ಮಕ್ಕಳಾಗುವ ಮೊದಲೇ ಯೋಚಿಸುತ್ತಿರುವವರಿಗೆ ಇನ್ನೊಂದು ಮಾತು. ಮನೆಪಾಠವೇ ಎಂದು ಮನಸ್ಸು ಗಟ್ಟಿಯಾಗಿದ್ದರೂ ಶಾಲೆಗೆ ಅರ್ಜಿ ಹಾಕಿ. 4 ತುಂಬಿದ ನಂತರದ ಸೆಪ್ಟೆಂಬರಿನ ರಿಸೆಪ್ಷನ್ (ಇಲ್ಲಿನ ಶಾಲೆಯ ಮೊದಲ ತರಗತಿ) ಸೀಟಿಗೆ ಜನವರಿ 15 ಕೊನೆಯ ದಿನ. ಕಡ್ಡಾಯ ಶಿಕ್ಷಣ ಶುರುವಾಗುವುದು 5 ತುಂಬಿದ ಮೇಲಿನ ಟರ್ಮಿನಿಂದ. ಅಲ್ಲಿಯವರೆಗೆ, ಅದೇ ಶಾಲಾ ವರ್ಷದೊಳಗೆ, ಸೇರುವುದನ್ನು ಮುಂದೂಡಬಹುದು, ಬೇಡವೆನಿಸಿದರೆ ಬಿಡಬಹುದು. ನನಗೆ ಗೊತ್ತಿರುವ ಒಂದು ಜೋಡಿ ಅರ್ಜಿಯನ್ನೇ ಹಾಕಲಿಲ್ಲ. ಎರಡನೇ ಮಗು ಬಂದು ತಾಯಿಗೆ ಕೈ ಸಾಗದಾದಾಗ ಸಿಕ್ಕಿದ್ದು ಎರಡು ಬಸ್ಸು ಬದಲಿಸಿ ಹೋಗಬೇಕಾದ ಶಾಲೆ. ವೀಸಾದಲ್ಲಿ ಸರ್ಕಾರಿ ನೆರವು ಪಡೆಯುವಂತಿಲ್ಲ ಎಂದು ಬರೆದಿದೆಯಲ್ಲ, ಶಾಲೆಗೂ ಅದು ಅನ್ವಯಿಸುತ್ತದಾ ಎಂದು ಹೆದರುವವರಿದ್ದಾರೆ. ಇಲ್ಲ, ಸರ್ಕಾರಿ ಶಾಲೆ ಆ ಪಟ್ಟಿಯಲ್ಲಿಲ್ಲ.

ಕನ್ನಡ ಉಳಿಯಲೆಂದು ಮನೆಪಾಠ ಆರಿಸುವವರನ್ನು ಕಂಡರೆ ನನಗೆ ಅಭಿಮಾನ. ಆದರೆ ಜಿಸಿಎಸ್‌ಇಯಲ್ಲಿ ಬಂಗಾಳಿ, ಪಂಜಾಬಿ, ಉರ್ದು ಇವೆ, ಕನ್ನಡವಿಲ್ಲ. ಕಲಿಸಿ, ಖಂಡಿತ ಕಲಿಸಿ. ಅದು ಅಂಕಪಟ್ಟಿಯಲ್ಲಿ ಕಾಣುವುದಿಲ್ಲ ಅಷ್ಟೆ.

ಶಾಲೆಯಲ್ಲಿರುವ ಮಗುವನ್ನು ಬಿಡಿಸುವುದಾದರೆ ಮುಖ್ಯ ಶಿಕ್ಷಕರಿಗೆ ಪತ್ರ ಕೊಟ್ಟೇ ಬಿಡಿಸಿ. ಸುಮ್ಮನೆ ಕಳಿಸುವುದನ್ನು ನಿಲ್ಲಿಸಿದರೆ ಅದು ಗೈರುಹಾಜರಿ, ಅದಕ್ಕೆ ದಂಡ ಬೀಳಬಹುದು: ತಂದೆಗೊಂದು, ತಾಯಿಗೊಂದು, 21 ದಿನದೊಳಗೆ ಕಟ್ಟಿದರೆ ತಲಾ 80 ಪೌಂಡ್, ಆಮೇಲೆ 160. ಕೆಲಸ ಬದಲಾಗಿ ಸ್ಕಾಟ್ಲೆಂಡಿಗೆ ಹೋದವರಿಗೆ ಪತ್ರವೊಂದೇ ಸಾಲದು. ಅಲ್ಲಿ ಸರ್ಕಾರಿ ಶಾಲೆಯಿಂದ ಬಿಡಿಸಲು ಕೌನ್ಸಿಲಿನ, ಅಂದರೆ ಸ್ಥಳೀಯ ಆಡಳಿತದ, ಒಪ್ಪಿಗೆ ಬೇಕು.

ಕೇಂದ್ರಗಳಿಗೆ ಫೋನ್ ಮಾಡುವುದು ಮಗುವಿಗೆ 13 ಆದಾಗ, 15ಕ್ಕಲ್ಲ. ಹೊರಗಿನವರನ್ನು ತೆಗೆದುಕೊಳ್ಳುತ್ತೀರಾ, ಯಾವ ಮಂಡಳಿಯ ಯಾವ ವಿಷಯಗಳು, ಯಾವ ತಿಂಗಳೊಳಗೆ ಹೆಸರು ಕೊಡಬೇಕು ಎಂದು ಕೇಳಿ. ಉತ್ತರವನ್ನು ಇಮೇಲಿನಲ್ಲಿ ತರಿಸಿಕೊಳ್ಳಿ, ಪ್ರತಿ ಸೆಪ್ಟೆಂಬರಿನಲ್ಲಿ ಮತ್ತೆ ಕೇಳಿ. ನನ್ನ ಮಗಳನ್ನು ಸೇರಿಸಿಕೊಳ್ಳಲು ಒಪ್ಪಿದ್ದ ಆ ಕೇಂದ್ರ ಮರುವರ್ಷವೇ ಹೊರಗಿನವರನ್ನು ತೆಗೆದುಕೊಳ್ಳುವುದನ್ನು ನಿಲ್ಲಿಸಿತು.