ಬಚ್ಚಲ ಜಾಲಿಯ ಕೆಳಗಿನ ಜಡೆ

ಧಾರವಾಡದ ಮಾಳಮಡ್ಡಿಯಲ್ಲಿರುವ ನಮ್ಮ ಮನೆಯ ಬಚ್ಚಲು ಕಟ್ಟಿಕೊಂಡದ್ದು ಮೂರು ವರ್ಷದ ಹಿಂದಿನ ನರಕ ಚತುರ್ದಶಿಯ ನಸುಕಿನಲ್ಲಿ. ಹಿಂದಿನ ಸಂಜೆ ನೀರು ತುಂಬುವ ಹಬ್ಬ ಮುಗಿದಿತ್ತು. ಹಬ್ಬಕ್ಕೆಂದು ತವರಿಗೆ ಬಂದ ಇಬ್ಬರು ನಾದಿನಿಯರು, ಅವರದೊಂದೊಂದು ಹೆಣ್ಣುಮಗು, ನನ್ನ ಇಬ್ಬರು ಹೆಣ್ಣುಮಕ್ಕಳು, ಅತ್ತೆ, ನಾನು. ಒಟ್ಟು ಎಂಟು ತಲೆ. ಎಲ್ಲರ ನೆತ್ತಿಗೂ ಅತ್ತೆ ಬೊಗಸೆ ಬೊಗಸೆ ಎಣ್ಣೆ ಒತ್ತಿದ್ದರು. ಮೊದಲಿನ ಇಬ್ಬರು ಸುಸೂತ್ರವಾಗಿ ಎರೆದುಕೊಂಡು ಬಂದರು. ಮೂರನೆಯವಳಿಗೆ ನೀರು ಹಿಮ್ಮಡಿ ಮುಟ್ಟಿತು. ನಾಲ್ಕನೆಯವಳು ಒಳಗಿನಿಂದ ಕೂಗುವ ಹೊತ್ತಿಗೆ ಶೀಗೆಕಾಯಿ ಬಣ್ಣದ ನೀರು ಹೊಸ್ತಿಲು ದಾಟಿ ನಡುಮನೆಯ ರಂಗೋಲಿಯ ಕಡೆಗೆ ಹೊರಟಿತ್ತು.

ಯಜಮಾನರು ಎಲ್ಲರೂ ಮೊದಲು ಮಾಡುವುದನ್ನೇ ಮಾಡಿದರು. ಜಾಲಿ ಎತ್ತಿ, ಹಿತ್ತಲಿನಿಂದ ಒಂದು ಕೋಲು ತಂದು, ಒಳಗೆ ಹಾಕಿ ಜಾಡಿಸಿ ನೂಕಿದರು. ಗುಳುಗುಳು ಎಂದಿತು, ನೀರು ಇಳಿಯಿತು. ಮಿಕ್ಕವರ ಸ್ನಾನವಾಯಿತು, ಆರತಿಯಾಯಿತು. ಕೋಲಿನ ಗೆಲುವು ಅಮಾವಾಸ್ಯೆಯ ಬೆಳಗಿನವರೆಗೆ ಮಾತ್ರ. ಮತ್ತೆ ನೀರು ನಿಂತಾಗ ಅಡಚಣೆ ಕೋಲಿಗೆ ಸಿಗದಷ್ಟು ಒಳಗೆ ಸರಿದಿತ್ತು.

ಆಮೇಲೆ ಸಲಹೆಗಳ ಸರದಿ. ದೊಡ್ಡ ನಾದಿನಿ ನೆಲ ತೊಳೆಯುವ ಆ್ಯಸಿಡ್ ಸುರಿಸಿದರು. ಹೊಗೆ ಎದ್ದು ಎಲ್ಲರೂ ಕೆಮ್ಮಿದೆವು; ಜಾಲಿಯ ಸುತ್ತ ಟೈಲ್ಸ್ ಸಂದಿನ ಸಿಮೆಂಟು ನೊರೆಗಟ್ಟಿ ಕರಗಿತು; ಜಾಲಿಯ ಹೊಳಪು ಹೋಗಿ ಕಪ್ಪಾಯಿತು; ನೀರು ಮಾತ್ರ ಕದಲಲಿಲ್ಲ. ಮಗಳು ಮೊಬೈಲ್‌ನಲ್ಲಿ ನೋಡಿ ಅಡುಗೆ ಸೋಡಾ, ವಿನೆಗರ್ ಹಾಕಿದಳು. ನೋಡಲು ಚೆನ್ನಾಗಿತ್ತು. ಹುಳಿ, ಕ್ಷಾರ ಎರಡೂ ಒಂದನ್ನೊಂದು ತಿಂದುಕೊಂಡು ಗುಳ್ಳೆ ಬಿಟ್ಟ ಮೇಲೆ ಉಳಿಯುವುದು ಉಪ್ಪುಪ್ಪಾದ ನೀರು. ಕೂದಲಿಗೆ ಅದರಿಂದ ಏನೂ ಆಗುವುದಿಲ್ಲ. ಅಂಗಡಿಯಿಂದ ತಂದ ಡ್ರೇನ್ ಪುಡಿಯೂ ಬಿತ್ತು. ನಿಂತ ನೀರಿನ ತಳದಲ್ಲಿ ಅದು ಬೆಲ್ಲದ ಹೆಂಟೆಯ ಹಾಗೆ ಗಟ್ಟಿಯಾಗಿ ಕುಳಿತು ಅಡಚಣೆಯ ಮೇಲೊಂದು ಅಡಚಣೆಯಾಯಿತು.

ಪಾಡ್ಯದ ದಿನ ಸಗಣಿಯ ಹಟ್ಟೆವ್ವನನ್ನು ಇಟ್ಟು ಪೂಜೆ ಮಾಡಿದೆವು. ಅಂದು ಯಾವ ಪ್ಲಂಬರೂ ಫೋನ್ ಎತ್ತಲಿಲ್ಲ. ಮರುದಿನ ಬಂದವರು ಅರವತ್ತು ದಾಟಿದ ಹಿರಿಯರು. ಚಪ್ಪಲಿ ಬಿಟ್ಟು ಒಳಗೆ ಬರುವ ಮೊದಲೇ ಕೇಳಿದರು: “ತಂಗೀ, ಇದರೊಳಗೆ ಏನೇನು ಸುರಿದಿದ್ದೀರಿ? ಇದ್ದದ್ದು ಇದ್ದ ಹಾಗೆ ಹೇಳು.”

ಹೇಳಿದೆ. ಅವರು ಮುಂಗೈ ತೋರಿಸಿದರು. ಮಣಿಕಟ್ಟಿನಿಂದ ಮೇಲಕ್ಕೆ ಚರ್ಮ ಹೊಳೆಯುವ ಗುಲಾಬಿ ಬಣ್ಣದಲ್ಲಿತ್ತು. ಯಾರದೋ ಮನೆಯಲ್ಲಿ ಹೇಳದೆ ಉಳಿಸಿದ್ದ ಪುಡಿಯ ನೀರಿಗೆ ಕೈ ಹಾಕಿದ್ದರಂತೆ. ಡ್ರೇನ್ ಪುಡಿಯ ಜೀವಾಳ ಕಾಸ್ಟಿಕ್ ಸೋಡಾ. ನೀರು ಕಂಡರೆ ಬಿಸಿಯಾಗುತ್ತದೆ, ಕೊಬ್ಬನ್ನು ಸಾಬೂನಾಗಿಸುತ್ತದೆ, ಕೂದಲನ್ನೂ ಕರಗಿಸುತ್ತದೆ, ಆದರೆ ಮುಷ್ಟಿ ಗಾತ್ರದ ಉಂಡೆಯಾದರೆ ಮೇಲ್ಮೈಯನ್ನಷ್ಟೇ ಸವರಿ ಸುಮ್ಮನಾಗುತ್ತದೆ. ಕೂದಲಿಗೂ ನಮ್ಮ ಚರ್ಮದ ಮೇಲ್ಪದರಕ್ಕೂ ಕೆರಾಟಿನ್ ಎಂಬ ಒಂದೇ ಜಾತಿಯ ಪ್ರೋಟೀನು, ಆದ್ದರಿಂದ ಕೂದಲನ್ನು ತಿನ್ನುವುದು ಕೈಯನ್ನೂ ಬಿಡುವುದಿಲ್ಲ. ನೆಲ ತೊಳೆಯುವ ಆ್ಯಸಿಡ್ ಹೈಡ್ರೋಕ್ಲೋರಿಕ್. ಅದಕ್ಕೆ ಸಿಮೆಂಟು ಸೋಲುತ್ತದೆ, ಕೂದಲು ಸೋಲುವುದಿಲ್ಲ. ಇವೆರಡೂ ಒಂದರ ಮೇಲೊಂದು ಬಿದ್ದರೆ ಕುದಿದು ಮುಖಕ್ಕೆ ಸಿಡಿಯಬಹುದು. ಬ್ಲೀಚಿಂಗ್ ಪುಡಿಗೆ ಆ್ಯಸಿಡ್ ಸೇರಿದರೆ ಏಳುವುದು ಕ್ಲೋರಿನ್ ಅನಿಲ, ಕಿಟಕಿ ಮುಚ್ಚಿದ ಬಚ್ಚಲಲ್ಲಿ ಅದು ಪ್ರಾಣಕ್ಕೇ ಬರುತ್ತದೆ. ನಾವು ಮೂರನ್ನೂ ಸುರಿಯದೆ ಎರಡಕ್ಕೇ ನಿಂತದ್ದು ಮನೆಯಲ್ಲಿ ಬ್ಲೀಚಿಂಗ್ ಪುಡಿ ಮುಗಿದಿದ್ದರಿಂದ.

ಅವರು ದಪ್ಪ ರಬ್ಬರ್ ಕೈಗವಸು ಹಾಕಿಕೊಂಡು, ಹಳೆಯ ತಂಬಿಗೆಯಿಂದ ನಿಂತ ನೀರನ್ನು ಬಕೆಟ್ಟಿಗೆ ಎತ್ತಿಹಾಕಿ, ಗಟ್ಟಿಯಾದ ಹೆಂಟೆ ಒಡೆದು ತೆಗೆದರು. ಆಮೇಲೆ ಒಳಗಿನ ಬಟ್ಟಲು ಕಳಚಿದರು. ಜಾಲಿಯ ಕೆಳಗೆ ಇಂಥದೊಂದು ಬಟ್ಟಲು ಬೋರಲಾಗಿ ಕುಳಿತಿದೆ ಎಂದೇ ನನಗೆ ಗೊತ್ತಿರಲಿಲ್ಲ. ಪ್ಲಂಬರುಗಳು ಇದನ್ನೆಲ್ಲ ಸೇರಿಸಿ ನಹಾನಿ ಟ್ರ್ಯಾಪ್ ಎನ್ನುತ್ತಾರೆ. ಮರಾಠಿಯಲ್ಲಿ ನ್ಹಾಣಿ ಎಂದರೆ ಬಚ್ಚಲೇ. ನಮ್ಮ ಕಡೆ ಆ ಮಾತಿಗೆ ಅರ್ಥ ಹೇಳಬೇಕಾಗಿಲ್ಲ. ಟ್ರ್ಯಾಪಿನಲ್ಲಿ ಸುಮಾರು ಎರಡು ಇಂಚು ನೀರು ಸದಾ ನಿಂತಿರುತ್ತದೆ, ಗಟಾರದ ವಾಸನೆ ಮೇಲೆ ಬಾರದ ಹಾಗೆ ಅದು ಅಡ್ಡಗಟ್ಟುತ್ತದೆ. ಕೂದಲು ಸಿಗಿಬೀಳುವುದೂ ಆ ತಿರುವಿನಲ್ಲಿಯೇ.

ಅವರ ಜೋಳಿಗೆಯಿಂದ ಹೊರಬಂದದ್ದು ಒಂದು ತಂತಿ, ಅಷ್ಟೇ. ತುದಿಯಲ್ಲಿ ಕಿರುಬೆರಳ ಉಗುರಿನಷ್ಟು ಕೊಕ್ಕೆ. ಒಳಗೆ ಇಳಿಸಿ, ನೂಕದೆ, ಒಂದೇ ಕಡೆಗೆ ತಿರುಗಿಸುತ್ತ ಹೋದರು, ಕದಿರಿಗೆ ನೂಲು ಸುತ್ತಿಕೊಳ್ಳುವ ಹಾಗೆ. ಹತ್ತು ಹನ್ನೆರಡು ಸುತ್ತು. ಆಮೇಲೆ ನಿಧಾನವಾಗಿ ಎಳೆದರು. ಮೊದಲು ಬಂದದ್ದು ಬೆರಳ ದಪ್ಪದ ಬಾಲ. ಅದರ ಹಿಂದೆ ಮುಷ್ಟಿ ಗಾತ್ರದ ಗಂಟು. ಅದರ ಹಿಂದೆ ಮತ್ತೆ ಒಂದೂವರೆ ಅಡಿ. ಎಣ್ಣೆ, ಶೀಗೆಪುಡಿ, ಸಾಬೂನು ಮೆತ್ತಿ ಬೂದು ಬಣ್ಣಕ್ಕೆ ತಿರುಗಿದ ಜಡೆ. ನಡುವೆ ತುಕ್ಕು ಹಿಡಿದ ಒಂದು ಹೇರ್‌ಪಿನ್, ಶಾಂಪೂ ಚೀಟಿನ ಹರಿದ ಮೂಲೆ, ಆರು ಟಿಕಳಿ. ಟಿಕಳಿಗಳು ಅತ್ತೆಯವು. ಸ್ನಾನಕ್ಕೆ ಮುನ್ನ ಹಣೆಯಿಂದ ತೆಗೆದು ಬಚ್ಚಲ ಟೈಲ್ಸಿಗೆ ಅಂಟಿಸುತ್ತಾರೆ, ಹಬೆಗೆ ಅವು ಜಾರಿ ನೀರಿನ ದಾರಿ ಹಿಡಿಯುತ್ತವೆ. ಮೂಲ ಆರೋಪಿ ಹೇರ್‌ಪಿನ್ ಎಂದು ನನ್ನ ತೀರ್ಪು: ಅದು ತಿರುವಿನಲ್ಲಿ ಅಡ್ಡ ನಿಂತಿದ್ದಕ್ಕೇ ಉಳಿದದ್ದೆಲ್ಲ ಅದನ್ನು ಸುತ್ತಿಕೊಂಡು ಬೆಳೆಯಿತು.

ಐದು ನಿಮಿಷದ ಕೆಲಸ, ಮುನ್ನೂರು ರೂಪಾಯಿ. ಮುನ್ನೂರು ಹೆಚ್ಚೆಂದು ನಾನು ಹೇಳುವುದಿಲ್ಲ. ಆದರೆ ಮುಂದಿನ ಸಲದಿಂದ ನಾನೇ ಮಾಡಬೇಕು ಎಂದು ಅಂದೇ ನಿರ್ಧರಿಸಿದೆ.

ಮುಂದಿನ ಸಲ ಬೇಗನೆ ಬಂತು, ಸಂಕ್ರಾಂತಿಯ ಆಸುಪಾಸು. ತಂತಿ ಸಿಗಲಿಲ್ಲವೆಂದು ಅತ್ತೆಯ ಕ್ರೋಷಾ ಸೂಜಿ ಎತ್ತಿಕೊಂಡೆ. ಅದಕ್ಕಿಂತ ಒಳ್ಳೆಯ ಕೊಕ್ಕೆ ಇಂದಿಗೂ ನನಗೆ ಸಿಕ್ಕಿಲ್ಲ, ಉದ್ದ ಸಾಲದು ಎಂಬುದೊಂದೇ ಕೊರತೆ. ಈಗ ಅದರ ಜೊತೆಗೆ ಕಟ್ಟಡದವರು ಕಬ್ಬಿಣ ಕಟ್ಟುವ ಬೈಂಡಿಂಗ್ ತಂತಿಯನ್ನು ಎರಡೆಳೆ ಹೊಸೆದು ಇಟ್ಟುಕೊಂಡಿದ್ದೇನೆ. ಒಂದೇ ಎಳೆಯಾದರೆ ಮೆತ್ತಗಾಗಿ ಬಾಗುತ್ತದೆ. ತುದಿಯ ಕೊಕ್ಕೆಯನ್ನು ಇಕ್ಕಳದಿಂದ ಒಳಕ್ಕೆ ಒತ್ತಿರಬೇಕು. ಚೂಪು ಬಿಟ್ಟರೆ ಪೈಪಿನ ಜೋಡಿನಲ್ಲಿ ಸಿಕ್ಕಿಕೊಳ್ಳುತ್ತದೆ. ಸಣ್ಣ ಕಿಂಡಿಗೆ ವಿದ್ಯುತ್ ಅಂಗಡಿಯಲ್ಲಿ ಸಿಗುವ ಉದ್ದನೆಯ ಪ್ಲಾಸ್ಟಿಕ್ ಟೈಗೆ ಎರಡೂ ಅಂಚಿನಲ್ಲಿ ಬ್ಲೇಡಿನಿಂದ ಓರೆಯಾಗಿ ಕಚ್ಚು ಹಾಕಿದರೆ ಮೀನಿನ ಮುಳ್ಳಿನಂತಾಗುತ್ತದೆ. ಇಳಿಯುವಾಗ ಸಲೀಸಾಗಿ ಇಳಿದು, ಬರುವಾಗ ಕೂದಲನ್ನು ಹಿಡಿದುಕೊಂಡೇ ಬರುತ್ತದೆ.

ತಿರುಗಿಸುವ ದಿಕ್ಕು ಬದಲಿಸಬಾರದು. ಮೊದಮೊದಲು ನಾನು ಬಲಕ್ಕೆ ನಾಲ್ಕು, ಎಡಕ್ಕೆ ನಾಲ್ಕು ತಿರುಗಿಸಿ ಸುತ್ತಿದ್ದನ್ನು ನಾನೇ ಬಿಚ್ಚಿ ಬರಿಗೊಕ್ಕೆ ಎಳೆಯುತ್ತಿದ್ದೆ. ಜಗ್ಗಿ ಎಳೆದರೂ ನಡುವೆ ಹರಿದು ಅರ್ಧ ಒಳಗೇ ಉಳಿಯುತ್ತದೆ. ಬರುತ್ತಿದೆ ಎಂದು ಕೈಗೆ ಗೊತ್ತಾಗುತ್ತದೆ, ಒದ್ದೆ ಬಟ್ಟೆಯ ಭಾರ ಸಿಕ್ಕಂತೆ. ಆಗ ಇನ್ನೂ ಎರಡು ಸುತ್ತು ಕೊಟ್ಟು, ಉಸಿರು ಬಿಗಿಹಿಡಿದು (ವಾಸನೆಗಾಗಿ, ಬೇರೆ ಕಾರಣವಿಲ್ಲ) ಮೆಲ್ಲಗೆ ಮೇಲೆತ್ತುತ್ತೇನೆ. ಕೆಳಗೆ ಹಳೆಯ ಪತ್ರಿಕೆ ಹಾಸಿರುತ್ತದೆ. ಬಂದದ್ದು ಸುತ್ತಿ ಕಸದ ಬುಟ್ಟಿಗೆ. ಆಮೇಲೆ ಬಟ್ಟೆ ತೊಳೆಯುವ ಪುಡಿ ಕದಡಿದ ಒಂದು ಬಕೆಟ್ ಬಿಸಿನೀರು, ಕೈ ತಾಳುವಷ್ಟು ಬಿಸಿ. ಹಂಡೆಯ ಕುದಿನೀರು ಬೇಡ. ಪಿವಿಸಿ ಪೈಪು ಅಷ್ಟು ಶಾಖಕ್ಕೆ ಮೆತ್ತಗಾಗಿ ಜೋಡು ಸಡಿಲುತ್ತದೆ.

ಒಮ್ಮೆ ಬಟ್ಟಲನ್ನು ಮರಳಿ ಕೂರಿಸುವುದು ಮರೆತೆ. ನೀರು ಹಿಂದೆಂದೂ ಇಲ್ಲದಷ್ಟು ವೇಗವಾಗಿ ಹೋಗುತ್ತಿತ್ತು, ನನಗೋ ಭಾರಿ ಹೆಮ್ಮೆ. ಮೂರನೆಯ ದಿನ ಮನೆ ತುಂಬ ಗಟಾರದ ನಾತ, ರಾತ್ರಿ ದೀಪ ಹಾಕಿದರೆ ಜಿರಳೆಗಳ ಜಾತ್ರೆ. ನೀರು ಬೇಗ ಹೋಗಲೆಂದು ಬಟ್ಟಲನ್ನು ಬೇಕೆಂದೇ ಎಸೆದುಬಿಟ್ಟ ಮನೆಗಳು ನಮ್ಮ ಓಣಿಯಲ್ಲಿಯೇ ಎರಡಿವೆ. ಅವರು ಊದುಬತ್ತಿಗೆ ಖರ್ಚು ಮಾಡುತ್ತಾರೆ.

ಕೈತೊಳೆಯುವ ಬೇಸಿನ್ನಿನ ಕಥೆ ಬೇರೆ. ಅಲ್ಲಿ ಯಜಮಾನರ ಗಡ್ಡದ ಚೂರುಗಳು ಸಾಬೂನಿನ ಜೊತೆ ಕಲಸಿ ಗಂಧದಂತೆ ಕೂತಿರುತ್ತವೆ. ಕೆಳಗಿನ ಬಾಟಲ್ ಟ್ರ್ಯಾಪಿನ ತಳವನ್ನು ಕೈಯಿಂದಲೇ ತಿರುಗಿಸಿ ಬಿಚ್ಚಬಹುದು; ಅಡಿಯಲ್ಲಿ ಬಕೆಟ್ ಇಟ್ಟು ಬಿಚ್ಚಿದೆ, ತೊಳೆದೆ, ಎಲ್ಲ ಸರಿಯಾಯಿತು. ಆಮೇಲೆ ಬಕೆಟ್ಟಿನ ಕೊಳೆನೀರನ್ನು ಎತ್ತಿ ಅದೇ ಬೇಸಿನ್ನಿಗೆ ಸುರಿದೆ. ತಳ ಇನ್ನೂ ನನ್ನ ಎಡಗೈಯಲ್ಲೇ ಇತ್ತು. ಹೊಸ ಸೀರೆಯಾಗಿರಲಿಲ್ಲ, ಪುಣ್ಯ.

ತಲೆಯಿಂದ ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜವೇ. ವಾರಕ್ಕೆರಡು ಸಲ ಎರೆದುಕೊಳ್ಳುವವರಿಗೆ ಮೂರು ನಾಲ್ಕು ದಿನದ್ದು ಒಟ್ಟಿಗೆ ಬರುತ್ತದೆ. ಅದಕ್ಕೆ ನಮ್ಮ ಊರಿನ ನೀರಿನ ಲೆಕ್ಕವೂ ಸೇರುತ್ತದೆ. ಮಲಪ್ರಭೆಯ ನೀರು ನಮ್ಮ ಓಣಿಯ ನಳಕ್ಕೆ ದಿನಬಿಟ್ಟು ದಿನವೂ ಬರುವುದಿಲ್ಲ. ತಂಬಿಗೆಯಲ್ಲಿ ಅಳೆದು ಸ್ನಾನ ಮಾಡುವವರ ಬಚ್ಚಲಲ್ಲಿ ನೀರಿಗೆ ಕೂದಲನ್ನು ಹೊತ್ತೊಯ್ಯುವ ರಭಸವೇ ಇರುವುದಿಲ್ಲ. ನಳ ಬಾರದ ದಿನ ಬೋರಿನ ಗಡಸು ನೀರು, ಅದರಲ್ಲಿ ಸಾಬೂನು ನೊರೆಯಾಗುವ ಬದಲು ಬಿಳಿ ಜಿಗುಟಾಗಿ ಕೂದಲನ್ನು ಅಂಟಿಸುತ್ತದೆ. ಅದಕ್ಕೇ ಬಟ್ಟೆ ಜಾಲಿಸಿದ ನೀರನ್ನು ತುಂಬಿಟ್ಟು, ಎರಡು ಬಕೆಟ್ ಒಟ್ಟಿಗೆ ದಬಕ್ಕನೆ ಜಾಲಿಯ ಮೇಲೆ ಸುರಿಯುತ್ತೇನೆ. ಜಾಲಿಯ ಮೇಲೊಂದು ಸಣ್ಣ ರಂಧ್ರದ ಸ್ಟೀಲ್ ಬಟ್ಟಲು ಇಟ್ಟಿದ್ದೇನೆ. ಕಡೆಗೆ ಸ್ನಾನ ಮಾಡಿದವರು ಅದರ ಕೂದಲು ತೆಗೆದು ಬರಬೇಕೆಂಬ ಕಾನೂನು ಮಕ್ಕಳಿಗೆ ಒಗ್ಗಲು ಒಂದು ವರ್ಷ ಹಿಡಿಯಿತು.

ಎರೆದುಕೊಳ್ಳುವ ಮೊದಲು ಹಣಿಗೆಯಿಂದ ಚೆನ್ನಾಗಿ ಬಾಚಿದರೆ ಅರ್ಧ ಕೂದಲು ಅಲ್ಲೇ ಬಂದುಬಿಡುತ್ತದೆ. ಅದನ್ನು ಅತ್ತೆ ಚೀಲದಲ್ಲಿ ಕೂಡಿಡುತ್ತಾರೆ. ಕೂದಲು ಕೊಳ್ಳುವ ಹೆಂಗಸು ಓಣಿಗೆ ಬಂದಾಗ ಸ್ಟೀಲಿನ ಬಟ್ಟಲೋ ಪಿನ್ನಿನ ಪಟ್ಟಿಯೋ ಸಿಗುತ್ತದೆ. ಕೊಪ್ಪಳದ ಭಾಗ್ಯನಗರದಲ್ಲಿ ಕೂದಲಿನ ಉದ್ಯಮವೇ ಇದೆ. ಒಮ್ಮೆ ನನ್ನ ಚಿಕ್ಕ ಮಗಳು ಬಚ್ಚಲಿನಿಂದ ತೆಗೆದದ್ದನ್ನೂ ತೊಳೆದು ಒಣಗಿಸಿ ಕೊಡಲು ಹೋದಳು. ಆ ಹೆಂಗಸು ಬೆರಳಲ್ಲಿ ಒಂದು ಎಳೆ ಎಳೆದು ನೋಡಿ, “ಇದು ಬೇಡ ತಾಯೀ” ಎಂದು ಮರಳಿಸಿದಳು.

ಎಲ್ಲ ಅಡಚಣೆಯೂ ಕೂದಲಲ್ಲ. ಬಚ್ಚಲು, ಪಾಯಖಾನೆ, ಅಡುಗೆಮನೆ ಮೂರರಲ್ಲೂ ಒಟ್ಟಿಗೆ ನೀರು ನಿಂತರೆ ತೊಂದರೆ ಹೊರಗಿನ ಚೇಂಬರಿನಲ್ಲೋ ಅದರಾಚೆಯೋ ಇರುತ್ತದೆ. ಅಲ್ಲಿ ನನ್ನ ಕ್ರೋಷಾ ಸೂಜಿಗೆ ಕೆಲಸವಿಲ್ಲ. ಚೇಂಬರಿನ ಮುಚ್ಚಳ ತೆಗೆದು ನೋಡುತ್ತೇನೆ, ತುಂಬಿದ್ದರೆ ಮಹಾನಗರ ಪಾಲಿಕೆಗೆ ದೂರು ಕೊಟ್ಟು ಯಂತ್ರ ಕರೆಸುತ್ತೇನೆ. ರಕ್ಷಣೆಯ ಸಲಕರಣೆಯಿಲ್ಲದೆ ಮನುಷ್ಯನನ್ನು ಗಟಾರದ ಗುಂಡಿಗೆ ಇಳಿಸುವುದನ್ನು ಮಲ ಹೊರುವ ಪದ್ಧತಿಯ ವಿರುದ್ಧದ 2013ರ ಕಾಯ್ದೆ ನಿಷೇಧಿಸಿದೆ. ಐನೂರಕ್ಕೆ ಯಾರೋ ಇಳಿಯುತ್ತಾರೆ ಎಂದು ಪಕ್ಕದವರು ಹೇಳಿದಾಗ ನಮ್ಮಿಬ್ಬರ ನಡುವೆ ಒಂದು ವಾರ ಮಾತಿರಲಿಲ್ಲ.

ಕ್ರೋಷಾ ಸೂಜಿ ಈಗ ಬಚ್ಚಲ ಬಾಗಿಲ ಹಿಂದಿನ ಮೊಳೆಯಲ್ಲಿ ತೂಗುತ್ತಿದೆ. ಅತ್ತೆ ಹೊಸದೊಂದನ್ನು ತಂದುಕೊಂಡು ಟ್ರಂಕಿನಲ್ಲಿಟ್ಟು ಬೀಗ ಹಾಕಿದ್ದಾರೆ. ತಿಂಗಳ ಮೊದಲ ರವಿವಾರ ಜಾಲಿ ಎತ್ತುತ್ತೇನೆ. ಕಳೆದ ಸಲ ಬಂದದ್ದು ಗೇಣುದ್ದವೂ ಇರಲಿಲ್ಲ. ಟಿಕಳಿ ಮಾತ್ರ ಎರಡಿದ್ದವು.